ಪೊಲಿನ್ಯಾನೊ ಕಡಲಗುಹೆಗಳ ದೋಣಿಯಾನ: ಮೈಸೂರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ತಂಗಿಯ ಮಗ ಇಟಲಿಯ ಬಾರಿ ಎಂಬ ಊರಿನಲ್ಲಿ ಓದುತ್ತಿದ್ದ. ಆ ನೆಪದಲ್ಲಿ ನಾನು ಮತ್ತು ನಮ್ಮ ಮನೆಯವರು ಬಾರಿಗೆ ಎರಡು ಬಾರಿ ಹೋಗಿಬಂದೆವು, 2023ರ ಸೆಪ್ಟೆಂಬರಿನಲ್ಲಿ ಒಮ್ಮೆ, 2025ರ ಮೇ ತಿಂಗಳಲ್ಲಿ ಇನ್ನೊಮ್ಮೆ. (ಈ ಶ್ಲೇಷೆಯನ್ನು ಕೇಳಿ ಕೇಳಿ ಆ ಹುಡುಗನಿಗೆ ಸಾಕಾಗಿದೆ.) ಎರಡು ಸಲವೂ ಪಕ್ಕದ ಪೊಲಿನ್ಯಾನೊ ಅ ಮಾರೆ ಎಂಬ ಪುಟ್ಟ ಊರಿನಲ್ಲಿ ದೋಣಿ ಹತ್ತಿ ಕಡಲಗುಹೆಗಳನ್ನು ನೋಡಿದೆವು. ವಾಪಸು ಬಂದಾಗಿನಿಂದ ಕುವೆಂಪುನಗರದ ಪಾರ್ಕಿನಲ್ಲಿ ಜೊತೆಗೆ ನಡೆಯುವವರು, ಬ್ಯಾಂಕಿನ ಹಳೆಯ ಸಹೋದ್ಯೋಗಿಗಳು, ಮದ್ದೂರು ಕಡೆಯ ನೆಂಟರು ಎಲ್ಲರೂ ಹೆಚ್ಚುಕಡಿಮೆ ಒಂದೇ ಪ್ರಶ್ನೆಗಳನ್ನು ಕೇಳುತ್ತಿದ್ದಾರೆ. ಪ್ರತಿಯೊಬ್ಬರಿಗೂ ಫೋನಿನಲ್ಲಿ ಅರ್ಧ ಗಂಟೆ ಹೇಳುವ ಬದಲು ಬರೆದಿಡುವುದೇ ಮೇಲು ಎನಿಸಿತು.

## ಮೊದಲ ಪ್ರಶ್ನೆಗಳು

ಈ ಊರು ಎಲ್ಲಿದೆ? ರೋಮ್, ವೆನಿಸ್ ಕೇಳಿದ್ದೇವೆ, ಇದರ ಹೆಸರೇ ಕೇಳಿಲ್ಲವಲ್ಲ.

ಇಟಲಿಯ ನಕ್ಷೆ ಬೂಟಿನಂತಿದೆ ಎಂದು ಶಾಲೆಯಲ್ಲಿ ಓದಿದ್ದೇವೆ. ಆ ಬೂಟಿನ ಹಿಮ್ಮಡಿಯ ಭಾಗ ಪುಲ್ಯ ಪ್ರಾಂತ್ಯ. ಅದರ ರಾಜಧಾನಿ ಬಾರಿ. ಬಾರಿಯಿಂದ ಕರಾವಳಿಗುಂಟ ಆಗ್ನೇಯಕ್ಕೆ ಮೂವತ್ತು ಚಿಲ್ಲರೆ ಕಿಲೋಮೀಟರ್ ಹೋದರೆ ಏಡ್ರಿಯಾಟಿಕ್ ಸಮುದ್ರದ ನೆತ್ತಿಯ ಮೇಲೆ ಕುಳಿತಂತೆ ಪೊಲಿನ್ಯಾನೊ ಸಿಗುತ್ತದೆ. ಸುಣ್ಣದ ಬಂಡೆಯ ಕಡಿದಾದ ಅಂಚಿನವರೆಗೂ ಬಿಳಿ ಮನೆಗಳನ್ನು ಕಟ್ಟಿದ್ದಾರೆ. ಬಾಲ್ಕನಿಯಿಂದ ಕೈಜಾರಿದ ಬಟ್ಟೆಯ ಕ್ಲಿಪ್ಪು ನೇರ ಸಮುದ್ರಕ್ಕೆ ಬೀಳುತ್ತದೆ. ಆ ಮನೆಗಳ ಕೆಳಗೆ ಬಂಡೆ ಟೊಳ್ಳು. ಅಲ್ಲೇ ಇರುವುದು ಗುಹೆಗಳು.

ದೋಣಿಯಾನದ ಒಂದೂವರೆ ಗಂಟೆಯಲ್ಲಿ ಏನೇನು ತೋರಿಸುತ್ತಾರೆ?

ಊರಿನ ಹೊರಗೆ ಕಾಲಾ ಪೊಂಟೆ ಎಂಬ ದೋಣಿದಾಣವಿದೆ, ಹಲವು ದೋಣಿಗಳು ಅಲ್ಲಿಂದ ಹೊರಡುತ್ತವೆ. ಸ್ಯಾನ್ ವೀಟೊ ಎಂಬ ಹಳೆಯ ಮಠದ ಪಕ್ಕದ ಪುಟ್ಟ ಬಂದರಿನಿಂದಲೂ ಕೆಲವು ಹೊರಡುತ್ತವೆ. ನಾವು ಹತ್ತಿದ್ದು ಎಂಟೇ ಜನ ಹಿಡಿಯುವ ಮರದ ದೋಣಿ. ಇದಕ್ಕೆ ಅಲ್ಲಿ ಗೊಟ್ಸೊ ಎನ್ನುತ್ತಾರೆ, ಮೀನುಗಾರರು ಬಳಸುತ್ತಿದ್ದ ಹಳೆಯ ಮಾದರಿ.

ದೋಣಿ ಬಂಡೆಯ ಗೋಡೆಗೆ ಹತ್ತಿರವಾಗಿ ನಿಧಾನವಾಗಿ ಸಾಗುತ್ತದೆ. ಮೊದಲು ಊರು ಕಾಣುತ್ತದೆ, ಕೆಳಗಿನಿಂದ ಮೇಲಕ್ಕೆ. ಆಮೇಲೆ ಒಂದೊಂದೇ ಗುಹೆ. ಕೆಲವಕ್ಕೆ ದೋಣಿ ಬಾಯಿಯವರೆಗೆ ಮಾತ್ರ ಹೋಗುತ್ತದೆ, ಕೆಲವದರೊಳಗೆ ಪೂರ್ತಿ ನುಗ್ಗುತ್ತದೆ. ರೊಂದಿನೆಲ್ಲೆ, ಅಂದರೆ ಕವಲುತೋಕೆ ಹಕ್ಕಿಗಳ ಗುಹೆ, ಅದರೊಳಗೆ ಹೋದದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಬಾಯಿಯ ಬಳಿ ದೋಣಿಯವನು ಎಂಜಿನ್ ಆರಿಸಿದ. ತಲೆ ತಗ್ಗಿಸಿ ಎಂದು ಕೈಸನ್ನೆ ಮಾಡಿದ. ಅಷ್ಟು ಹೊತ್ತು ಗಡಗಡ ಎನ್ನುತ್ತಿದ್ದದ್ದು ನಿಂತೊಡನೆ ಬಂಡೆಯ ಬಿರುಕಿನಲ್ಲಿ ನೀರು ಗುಳುಕ್ ಗುಳುಕ್ ಎನ್ನುವುದು ಕೇಳತೊಡಗಿತು, ಹಂಡೆಯೊಳಗೆ ಚೊಂಬು ಮುಳುಗಿಸಿದಾಗಿನ ಸದ್ದು. ಚಾವಣಿಯ ಮೇಲೆ ನೀರಿನ ಬೆಳಕು ಬಲೆಯಂತೆ ಹರಡಿ ಅಲುಗಾಡುತ್ತಿತ್ತು. ಜಿನುಗಿದ ಹನಿಯೊಂದು ನಮ್ಮ ಮನೆಯವರ ಬೋಳುತಲೆಯ ಮೇಲೆ ಬಿತ್ತು. ಅವರು ಮೇಲೆ ನೋಡಿ ಏನೂ ಅನ್ನಲಿಲ್ಲ, ಬ್ಯಾಂಕಿನಲ್ಲಿ ಮೂವತ್ತು ವರ್ಷ ದುಡಿದ ಮನುಷ್ಯ ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ನಾನು ಕಂಡಿರಲಿಲ್ಲ.

ಅಲ್ಲಿಂದ ಹೊರಬಂದ ಮೇಲೆ ಅಲೆಯಿಲ್ಲದ ಜಾಗ ನೋಡಿ ಲಂಗರು ಹಾಕುತ್ತಾರೆ. ಬೇಕಾದವರು ನೀರಿಗಿಳಿಯುತ್ತಾರೆ. ಉಳಿದವರಿಗೆ ತಿಂಡಿಯ ಡಬ್ಬಿ ತೆರೆಯುತ್ತದೆ.

ಬರೀ ಒಂದೂವರೆ ಗಂಟೆಗೆ ಅಷ್ಟು ದೂರ ಹೋಗಬೇಕೇ?

ಅದಕ್ಕಾಗಿಯೇ ಇಟಲಿಗೆ ಹೋಗಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಮಕ್ಕಳೋ ನೆಂಟರೋ ಅಲ್ಲಿದ್ದರೆ, ಅಥವಾ ರೋಮ್‌ಗೆ ಹೇಗೂ ಹೋಗುವವರಾಗಿದ್ದರೆ, ಎರಡು ದಿನವನ್ನು ಈ ಕಡೆಗೆ ತಿರುಗಿಸಿ ಎನ್ನುತ್ತೇನೆ. ಆದರೆ ಪ್ರವಾಸದ ಏಜೆಂಟರು ಮಾಡುವ ಹಾಗೆ ಬೆಳಿಗ್ಗೆ ಅಲ್ಬೆರೊಬೆಲ್ಲೊದ ಗೋಪುರದ ಮನೆಗಳು, ಮಧ್ಯಾಹ್ನ ಪೊಲಿನ್ಯಾನೊ, ಸಂಜೆ ಇನ್ನೊಂದು ಊರು ಎಂದು ತುರುಕಿಕೊಂಡು ಹೋಗಬೇಡಿ. ಮೊದಲ ಸಲ ನಾವೂ ಹಾಗೆಯೇ ಮಾಡಿ, ಬಸ್ಸು ತಪ್ಪೀತೆಂದು ಕೈಯಲ್ಲಿ ಫೊಕಾಚ ಎಂಬ ಅಲ್ಲಿನ ರೊಟ್ಟಿ ಹಿಡಿದು ಓಡಿದೆವು. ಎರಡನೆಯ ಸಲ ಇಡೀ ದಿನ ಆ ಊರಿಗೇ ಕೊಟ್ಟೆವು. ಯಾನ ಸಣ್ಣದು, ಅದರ ಸುತ್ತ ಸಮಯ ಸಡಿಲವಾಗಿರಬೇಕು.

ನನಗೆ ಈಜು ಬರುವುದಿಲ್ಲ. ಹೋಗಬಹುದೇ?

ಹೋಗಬಹುದು, ನನಗೂ ಬರುವುದಿಲ್ಲ. ನೀರಿಗಿಳಿಯಲೇಬೇಕು ಎಂದು ಯಾರೂ ಒತ್ತಾಯಿಸುವುದಿಲ್ಲ. ಲೈಫ್ ಜಾಕೆಟ್ ದೋಣಿಯಲ್ಲಿ ಇರುತ್ತದೆ, ಆದರೆ ಎಲ್ಲರಿಗೂ ತೊಡಿಸುವ ವಾಡಿಕೆ ಅಲ್ಲಿಲ್ಲ. ಬೇಕೆಂದು ಕೇಳಿ ಪಡೆದು ತೊಟ್ಟುಕೊಳ್ಳಿ, ನಾಚಿಕೆ ಬೇಡ. ರಂಗನತಿಟ್ಟಿನಲ್ಲಿ ಮೊಸಳೆಗಳ ಪಕ್ಕದಲ್ಲೇ ದೋಣಿಯಲ್ಲಿ ಕುಳಿತು ಹಕ್ಕಿ ನೋಡಿದವರು ನಾವು. ಇಲ್ಲಿ ಮೊಸಳೆಯಂತೂ ಇಲ್ಲ.

ಯಾವ ತಿಂಗಳು ಒಳ್ಳೆಯದು?

ದೋಣಿಗಳು ಸಾಮಾನ್ಯವಾಗಿ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಓಡುತ್ತವೆ. ಮೇ, ಜೂನ್ ಮತ್ತು ಸೆಪ್ಟೆಂಬರ್ ನನ್ನ ಆಯ್ಕೆ. ಆಗಸ್ಟ್ ಬೇಡವೇ ಬೇಡ. ಆಗಸ್ಟ್ 15 ನಮಗೆ ಸ್ವಾತಂತ್ರ್ಯ ದಿನ, ಅವರಿಗೆ ಫೆರ್ರಾಗೊಸ್ತೊ ಎಂಬ ಹಬ್ಬ. ಇಡೀ ಇಟಲಿ ಅಂದು ಸಮುದ್ರದ ದಂಡೆಯಲ್ಲಿರುತ್ತದೆ. ದಸರೆಯ ಜಂಬೂಸವಾರಿಯ ದಿನ ಸಯ್ಯಾಜಿರಾವ್ ರಸ್ತೆಯಲ್ಲಿ ಆರಾಮವಾಗಿ ನಡೆಯುತ್ತೇನೆ ಎಂದು ಹೊರಟಂತಾಗುತ್ತದೆ.

ಜೂನ್ ಮಧ್ಯಭಾಗದಲ್ಲಿ ಹೋದರೆ ಊರಿನ ಪೋಷಕ ಸಂತ ಸ್ಯಾನ್ ವೀಟೊನ ಹಬ್ಬ ಸಿಗುತ್ತದೆ. ಸಂತನ ಮೂರ್ತಿಯನ್ನು ದೋಣಿಯಲ್ಲಿ ಸಮುದ್ರದ ಮೂಲಕ ಕರೆತರುತ್ತಾರೆ. ತೆಪ್ಪೋತ್ಸವ ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

## ಹೊರಡುವ ಮುನ್ನ

ಮೈಸೂರಿನಿಂದ ಹೋಗುವುದು ಹೇಗೆ? ವೀಸಾ ಕಷ್ಟವೇ?

ಮೈಸೂರಿನಿಂದ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಕೆಎಸ್‌ಆರ್‌ಟಿಸಿಯ ಫ್ಲೈಬಸ್ ಇದೆ. ಬೆಂಗಳೂರಿನಿಂದ ಬಾರಿಗೆ ನೇರ ವಿಮಾನವಿಲ್ಲ, ಕೊಲ್ಲಿ ರಾಷ್ಟ್ರಗಳಲ್ಲೋ ಯೂರೋಪಿನ ಯಾವುದಾದರೂ ದೊಡ್ಡ ನಿಲ್ದಾಣದಲ್ಲೋ ಇಳಿದು ಹತ್ತಬೇಕು. ರೋಮ್‌ಗೆ ಇಳಿದರೆ ಅಲ್ಲಿಂದ ಬಾರಿಗೆ ವೇಗದ ರೈಲಿನಲ್ಲಿ ಸುಮಾರು ನಾಲ್ಕು ಗಂಟೆ. ಬಾರಿಯ ಮುಖ್ಯ ನಿಲ್ದಾಣದಿಂದ ಪೊಲಿನ್ಯಾನೊಗೆ ಸಾಮಾನ್ಯ ರೈಲಿನಲ್ಲಿ ಅರ್ಧ ಗಂಟೆ. ಮೈಸೂರಿನಿಂದ ಪಾಂಡವಪುರಕ್ಕೆ ರೈಲಿನಲ್ಲಿ ಹೋದಂತೆಯೇ. ನಿಲ್ದಾಣದಿಂದ ಹಳೆಯ ಊರಿಗೆ ಹತ್ತು ನಿಮಿಷ ನಡಿಗೆ.

ಬೇಕಾದದ್ದು ಷೆಂಗೆನ್ ವೀಸಾ, ಯೂರೋಪಿನ ಹಲವು ದೇಶಗಳಿಗೆ ಒಂದೇ ಸಾಲುವ ವೀಸಾ. ಪ್ರವಾಸಕ್ಕೆ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು. ದೊಡ್ಡವರಿಗೆ ಶುಲ್ಕ 2024ರ ಜೂನ್‌ನಿಂದ 90 ಯೂರೋ, ಅದರ ಮೇಲೆ ಅರ್ಜಿ ಕೇಂದ್ರದ ಸೇವಾಶುಲ್ಕ. ಕನಿಷ್ಠ 30,000 ಯೂರೋ ಮೊತ್ತದ ಪ್ರವಾಸ ವೈದ್ಯಕೀಯ ವಿಮೆ ಕಡ್ಡಾಯ. ಕಷ್ಟ ಎನ್ನುವುದಕ್ಕಿಂತ ಕಾಗದಪತ್ರಗಳ ಕೆಲಸ ಎನ್ನಿ. ಪಿಂಚಣಿದಾರರು ಪಿಂಚಣಿಯ ಆದೇಶಪತ್ರ, ಬ್ಯಾಂಕಿನ ಆರು ತಿಂಗಳ ವಿವರ, ಆದಾಯ ತೆರಿಗೆಯ ದಾಖಲೆ ಎಲ್ಲವನ್ನೂ ಒಂದು ಫೈಲಿಗೆ ಹಾಕಿಟ್ಟುಕೊಂಡರೆ ಅರ್ಧ ಕೆಲಸ ಮುಗಿದಂತೆ.

ದೋಣಿಗೆ ಎಷ್ಟು ಕೊಟ್ಟಿರಿ?

ತಲೆಗೆ 40 ಯೂರೋ, ತಿಂಡಿ ಸೇರಿ. ಒಂದು ಯೂರೋಗೆ ನೂರು ರೂಪಾಯಿ ಎಂದು ಲೆಕ್ಕ ಹಿಡಿದರೆ ನಾಲ್ಕು ಸಾವಿರ. ಇಡೀ ದೋಣಿಯನ್ನು ನಾವೇ ಹಿಡಿದರೆ ಅದರ ಹಲವು ಪಟ್ಟು ಆಗುತ್ತದೆ, ಆರೇಳು ಜನರ ಕುಟುಂಬವಾದರೆ ಮಾತ್ರ ಅದನ್ನು ವಿಚಾರಿಸಿ. ಹೋಟೆಲಿನಲ್ಲಿ ಊಟ ಮಾಡಿದರೆ ಬಿಲ್ಲಿನಲ್ಲಿ ಕೊಪೆರ್ತೊ ಎಂದು ತಲೆಗೆ ಎರಡು ಮೂರು ಯೂರೋ ಸೇರಿಸುತ್ತಾರೆ. ಅದು ಕುಳಿತದ್ದಕ್ಕೆ, ಬ್ರೆಡ್ಡಿಗೆ, ಮೇಜಿನ ಬಟ್ಟೆಗೆ. ಮೋಸ ಎಂದು ನಮ್ಮ ಮನೆಯವರು ಮೊದಲ ದಿನ ಜಗಳಕ್ಕೆ ಎದ್ದಿದ್ದರು. ಮೋಸವಲ್ಲ, ಅಲ್ಲಿನ ಪದ್ಧತಿ.

ಅಕ್ಕ, ಅಮ್ಮನಿಗೆ ಮಂಡಿನೋವು. ಕರೆದುಕೊಂಡು ಹೋಗಲೇ?

ದೋಣಿ ಹತ್ತುವುದು ಕಷ್ಟವಲ್ಲ. ಕಟ್ಟೆಯಿಂದ ಒಂದು ದೊಡ್ಡ ಮೆಟ್ಟಿಲಿನಷ್ಟು ಕೆಳಗೆ ಕಾಲಿಡಬೇಕು, ದೋಣಿಯವನು ಕೈ ಹಿಡಿಯುತ್ತಾನೆ. ಅಲುಗುವ ಹಲಗೆಯ ಮೇಲೆ ಎರಡನೆಯ ಕಾಲನ್ನು ತಕ್ಷಣ ಇಡಬೇಕು, ಅನುಮಾನಿಸಿ ನಿಂತರೆ ಕಟ್ಟೆಯ ಮೇಲೊಂದು ಕಾಲು ದೋಣಿಯಲ್ಲೊಂದು ಕಾಲು ಆಗುತ್ತದೆ. ಸಂಗಮದಲ್ಲಿ ಹರಿಗೋಲು ಹತ್ತಿದ ಅಭ್ಯಾಸವಿದ್ದರೆ ಇದು ಏನೂ ಅಲ್ಲ. ನಿಜವಾದ ತೊಂದರೆ ಊರಿನೊಳಗೆ. ನುಣುಪಾದ ಕಲ್ಲುಹಾಸು, ಏರಿಳಿವು, ಲಾಮಾ ಮೊನಕಿಲೆ ಎಂಬ ಕಡಲತೀರಕ್ಕೆ ಇಳಿಯುವ ಮೆಟ್ಟಿಲುಗಳು. ಆ ತೀರದಲ್ಲಿ ಮರಳಿಲ್ಲ, ಉರುಟು ಕಲ್ಲುಗಳೇ. ಅಮ್ಮನಿಗೆ ಮೇಲಿನ ಸೇತುವೆಯಿಂದಲೇ ತೋರಿಸಿ, ನೋಟ ಅಲ್ಲಿಂದಲೇ ಚೆನ್ನ.

ಮಡಿಕೇರಿ ಘಟ್ಟದ ಬಸ್ಸಿನಲ್ಲೇ ನನಗೆ ವಾಂತಿ. ಸಮುದ್ರದಲ್ಲಿ ಗತಿ ಏನು?

ದೋಣಿ ಓಡುವಾಗ ಅಷ್ಟಾಗಿ ಆಗುವುದಿಲ್ಲ, ಗುಹೆಯ ಬಾಯಲ್ಲಿ ಸರದಿಗಾಗಿ ನಿಂತು ತೂಗಾಡುವಾಗ ಆಗುತ್ತದೆ, ಅದರಲ್ಲೂ ಎಂಜಿನ್ನಿನ ಹೊಗೆಯ ಕಡೆ ಕುಳಿತವರಿಗೆ. ಆದ್ದರಿಂದ ಮುಂಭಾಗದಲ್ಲೋ ನಡುವಿನಲ್ಲೋ ಕೂರಿ. ಮೊಬೈಲ್ ಪರದೆ ನೋಡಬೇಡಿ, ದೂರದ ದಿಗಂತದ ಗೆರೆಯನ್ನು ನೋಡಿ. ಬಸ್ಸಿಗೆ ತೆಗೆದುಕೊಳ್ಳುವ ಮಾತ್ರೆಯನ್ನೇ ಅರ್ಧ ಗಂಟೆಗೂ ಮುಂಚೆ ತೆಗೆದುಕೊಳ್ಳಬಹುದು. ಬಿಪಿ, ಸಕ್ಕರೆ ಕಾಯಿಲೆಯ ಔಷಧಿ ತೆಗೆದುಕೊಳ್ಳುವವರು ಇಲ್ಲಿಂದಲೇ ವೈದ್ಯರನ್ನು ಕೇಳಿಕೊಂಡು ಹೋಗಿ. ಖಾಲಿ ಹೊಟ್ಟೆಯೂ ಬೇಡ, ಬಿರಿಯುವಷ್ಟು ತುಂಬಿದ ಹೊಟ್ಟೆಯೂ ಬೇಡ. ನಾನು ಒಣಶುಂಠಿಗೆ ಬೆಲ್ಲ ಸೇರಿಸಿದ ಉಂಡೆ ಬಾಯಲ್ಲಿಟ್ಟುಕೊಂಡಿದ್ದೆ. ಪಕ್ಕದಲ್ಲಿ ಕುಳಿತಿದ್ದ ಜರ್ಮನ್ ಹೆಂಗಸೂ ಒಂದು ಕೇಳಿ ಪಡೆದಳು.

ಸೀರೆ ಉಟ್ಟು ಹೋಗಬಹುದೇ?

ಹೋಗಬಾರದು ಎಂದೇನಿಲ್ಲ, ಆದರೆ ಚೂಡಿದಾರ್ ಅನುಕೂಲ. ದೋಣಿ ಹತ್ತುವಾಗ ಚಪ್ಪಲಿ ಬಿಚ್ಚಿಸಿ ಒಂದು ಬುಟ್ಟಿಗೆ ಹಾಕಿಸುತ್ತಾರೆ. ಟೋಪಿಗೆ ದಾರವಿರಲಿ, ಗಾಳಿಗೆ ನಮ್ಮ ಕಣ್ಣೆದುರೇ ಎರಡು ಹಾರಿಹೋದವು.

ದೋಣಿಯಲ್ಲಿ ಶೌಚಾಲಯ ಇದೆಯೇ?

ಸಣ್ಣ ದೋಣಿಯಲ್ಲಿ ಇಲ್ಲ. ಹತ್ತುವ ಮುಂಚೆ ಮುಗಿಸಿಕೊಳ್ಳಿ, ಕಾಫಿಯನ್ನು ಇಳಿದ ಮೇಲೆ ಕುಡಿಯಿರಿ.

## ತಿಂಡಿ, ಊಟ, ಕಾಫಿ

ದೋಣಿಯಲ್ಲಿ ಏನು ಕೊಡುತ್ತಾರೆ? ವೈನ್ ಕುಡಿಯಲೇಬೇಕೇ?

ದೋಣಿಯವನು ಥರ್ಮೋಕೋಲ್ ಪೆಟ್ಟಿಗೆಯಿಂದ ಪ್ರೊಸೆಕ್ಕೊ ಎಂಬ ನೊರೆಯುಕ್ಕುವ ಬಿಳಿ ವೈನ್ ತೆಗೆದು ಪ್ಲಾಸ್ಟಿಕ್ ಲೋಟಗಳಿಗೆ ಸುರಿಯುತ್ತಾನೆ. ಬೇಡ ಎಂದರೆ ನೀರು ಅಥವಾ ಹಣ್ಣಿನ ರಸ ಕೊಡುತ್ತಾನೆ, ಮುಖ ಸಿಂಡರಿಸುವುದಿಲ್ಲ. ಜೊತೆಗೆ ಕಾಗದದಲ್ಲಿ ಸುತ್ತಿದ ಫೊಕಾಚದ ತುಂಡುಗಳು, ಆಲಿವ್ ಕಾಯಿ, ಬಟ್ಟಲು ತುಂಬ ತಾರಾಲ್ಲಿ.

ಈ ತಾರಾಲ್ಲಿಯನ್ನು ನೋಡಿದೊಡನೆ ನನ್ನ ಬಾಯಿಂದ ಬಂದದ್ದು ಕೋಡುಬಳೆ ಎಂಬ ಮಾತು. ಅದೇ ಆಕಾರ, ಅದೇ ಕಟುಂ ಸದ್ದು. ನಮ್ಮದು ಎಣ್ಣೆಯಲ್ಲಿ ಕರಿದದ್ದು, ಅವರದನ್ನು ಮೊದಲು ಕುದಿವ ನೀರಿಗೆ ಹಾಕಿ ತೆಗೆದು ಆಮೇಲೆ ಒಲೆಗೂಡಿನಲ್ಲಿ ಬೇಯಿಸುತ್ತಾರೆ. ನಾವು ಓಮ, ಇಂಗು, ಖಾರ ಹಾಕುವಲ್ಲಿ ಅವರು ಸೋಂಪು ಹಾಕುತ್ತಾರೆ. ಮದ್ಯ ಮುಟ್ಟದವರಿಗೆ ಒಂದು ಮಾತು: ತಾರಾಲ್ಲಿಯ ಹಿಟ್ಟನ್ನು ಸಾಂಪ್ರದಾಯಿಕವಾಗಿ ಬಿಳಿ ವೈನಿನಲ್ಲೇ ಕಲಸುತ್ತಾರೆ. ಬೇಯುವಾಗ ಮದ್ಯದ ಅಂಶ ಬಹುಮಟ್ಟಿಗೆ ಹಾರಿಹೋಗುತ್ತದೆ, ಆದರೆ ಹಾಕಿರುವುದಂತೂ ನಿಜ. ಲೋಟದ ವೈನನ್ನು ದೂರ ತಳ್ಳಿ ಬಟ್ಟಲಿನ ತಾರಾಲ್ಲಿಯನ್ನೆಲ್ಲ ಖಾಲಿ ಮಾಡಿದ ನಮ್ಮ ಮನೆಯವರಿಗೆ ಇದು ಗೊತ್ತಾದದ್ದು ಮೈಸೂರಿಗೆ ಬಂದ ಮೇಲೆ.

ನಾವು ಶುದ್ಧ ಸಸ್ಯಾಹಾರಿಗಳು. ಉಪವಾಸ ಬೀಳಬೇಕಾಗುತ್ತದೆಯೇ?

ಪುಲ್ಯದಲ್ಲಿ ಉಪವಾಸ ಬೀಳುವುದು ಕಷ್ಟ. ಅದು ಬಡ ರೈತರ ಅಡುಗೆಯ ನಾಡು, ಕಾಳು, ಸೊಪ್ಪು, ಗೋಧಿ, ಆಲಿವ್ ಎಣ್ಣೆ ಇಷ್ಟರಲ್ಲೇ ಊಟ ಕಟ್ಟಿದವರು.

ಮೊದಲು ಬಾರಿಯ ಫೊಕಾಚ. ಹಿಟ್ಟಿಗೆ ಬೇಯಿಸಿದ ಆಲೂಗಡ್ಡೆ ಸೇರಿಸಿ ನಾದಿ, ಮೇಲೆ ಪುಟ್ಟ ಟೊಮೆಟೊಗಳನ್ನು ಕೈಯಲ್ಲೇ ಹಿಸುಕಿ ಒತ್ತಿ, ಆಲಿವ್ ಮತ್ತು ಒರೆಗಾನೊ ಉದುರಿಸಿ ಸುಡುತ್ತಾರೆ. ಅಡಿ ಗರಿಗರಿ, ಒಳಗೆ ಮೆತ್ತಗೆ. ಬೇಕರಿಗೆ ಹೋಗಿ ಬೆರಳಲ್ಲಿ ಇಷ್ಟು ಎಂದು ತೋರಿಸಿದರೆ ಕತ್ತರಿಸಿ ತೂಕ ಹಾಕಿ ಕೊಡುತ್ತಾರೆ.

ಎರಡನೆಯದು ಫಾವೆ ಎ ಚಿಕೋರಿಯೆ. ಸಿಪ್ಪೆ ತೆಗೆದ ಒಣ ಫಾವಾ ಕಾಳನ್ನು ಕರಗುವಂತೆ ಬೇಯಿಸಿ ಕಡೆದು, ಪಕ್ಕದಲ್ಲಿ ಕಹಿಸೊಪ್ಪಿನ ಪಲ್ಯ ಇಟ್ಟು, ಮೇಲೆ ಹಸಿ ಆಲಿವ್ ಎಣ್ಣೆ ಸುರಿಯುತ್ತಾರೆ. ಮಂಡ್ಯ ಕಡೆಯವರು ಇದನ್ನು ನೋಡಿದರೆ ಮಸ್ಸೊಪ್ಪಿನ ದಾಯಾದಿ ಎಂದು ಗುರುತಿಸದೆ ಇರಲಾರರು. ಮುದ್ದೆಯೊಂದೇ ಕಡಿಮೆ. ನಾನು ಬ್ರೆಡ್ಡನ್ನು ಅದ್ದಿ ನುಂಗಲು ನೋಡಿದೆ, ಆಗಲಿಲ್ಲ, ಅಗಿಯಲೇಬೇಕಾಯಿತು.

ಎಚ್ಚರ ಬೇಕಾದದ್ದು ಎರಡು ಕಡೆ. ಒರೆಕಿಯೆತ್ತೆ ಎಂಬ ಕಿವಿಯಾಕಾರದ ಪಾಸ್ತಾ ಬರೀ ಗೋಧಿ ರವೆ ಮತ್ತು ನೀರಿನದು, ಮೊಟ್ಟೆಯಿಲ್ಲ. ಆದರೆ ಅದರ ಜೊತೆ ಬರುವ ಚಿಮೆ ದಿ ರಾಪಾ ಸೊಪ್ಪಿನ ಒಗ್ಗರಣೆಗೆ ಅಚ್ಚೂಗೆ ಎಂಬ ಉಪ್ಪುಮೀನನ್ನು ಕರಗಿಸಿ ಹಾಕುವ ರೂಢಿಯಿದೆ. ಕಣ್ಣಿಗೆ ಕಾಣುವುದಿಲ್ಲ. "ಸೆಂತ್ಸ ಅಚ್ಚೂಗೆ" ಎಂದು ಹೇಳಿ, ಅಚ್ಚೂಗೆ ಇಲ್ಲದೆ ಎಂದರ್ಥ. ಇನ್ನೊಂದು ಚೀಸ್. ಹಾಲನ್ನು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುವುದು ಅಲ್ಲಿನ ಸಾಂಪ್ರದಾಯಿಕ ಕ್ರಮ. ಆಂದ್ರಿಯಾ ಊರಿನ ಪ್ರಸಿದ್ಧ ಬುರ್ರಾತವೂ, ಒಳಗೆ ಕೆನೆ ತುಂಬಿದ ಆ ಬಿಳಿ ಚೀಲವೂ, ಇದಕ್ಕೆ ಹೊರತಲ್ಲ. ತಿನ್ನುವುದು ಬಿಡುವುದು ಅವರವರ ಮನಸ್ಸು, ಗೊತ್ತಿರಲಿ ಎಂದು ಹೇಳಿದೆ.

ನಾವು ಮೀನು ತಿನ್ನುತ್ತೇವೆ. ಅಲ್ಲಿ ಹಸಿಯಾಗಿಯೇ ತಿನ್ನುತ್ತಾರಂತೆ, ನಿಜವೇ?

ನಿಜ. ಬಾರಿಯ ಬಂದರಿನಲ್ಲಿ ಬೆಳಿಗ್ಗೆ ಮೀನುಗಾರರು ಆಕ್ಟೋಪಸ್ಸನ್ನು ಕಲ್ಲಿಗೆ ಬಡಿದು ಬಡಿದು, ಉಪ್ಪುನೀರಿನಲ್ಲಿ ಅಲುಗಾಡಿಸಿ ಕಾಲುಗಳು ಸುರುಳಿಯಾಗುವಂತೆ ಮಾಡುತ್ತಾರೆ. ದೋಬಿಘಾಟಿನ ನೆನಪಾಯಿತು. ಅದನ್ನು ಅಲ್ಲೇ ಹಸಿಯಾಗಿ ತಿನ್ನುವವರೂ ಇದ್ದಾರೆ. ತಂಗಿಯ ಮಗ ತಿಂದ, ರಬ್ಬರಿನಂತಿರುತ್ತದೆ ಎಂದುಕೊಂಡಿದ್ದೆ, ಗರಿಗರಿಯಾಗಿತ್ತು ಎಂದ. ಅಭ್ಯಾಸವಿಲ್ಲದ ಹೊಟ್ಟೆಯವರು ಸುಟ್ಟದ್ದನ್ನು ಕೇಳಿ ಪಡೆಯಿರಿ. ಪೊಲಿನ್ಯಾನೊದಲ್ಲಿ ಬ್ರೆಡ್ಡಿನೊಳಗೆ ಸುಟ್ಟ ಆಕ್ಟೋಪಸ್ ಇಟ್ಟು ಕೊಡುವ ಅಂಗಡಿಗಳಿವೆ. ನಮ್ಮ ಕಡೆಯ ಖಾರ ಮಸಾಲೆಯನ್ನು ಮಾತ್ರ ನಿರೀಕ್ಷಿಸಬೇಡಿ, ಎಣ್ಣೆ, ಉಪ್ಪು, ನಿಂಬೆ ಅಷ್ಟೇ.

ಕಾಫಿ ಹೇಗಿದೆ? ಫಿಲ್ಟರ್ ಕಾಫಿ ಇಲ್ಲದೆ ನಮಗೆ ಬೆಳಗಾಗುವುದಿಲ್ಲ.

ಕೇಳಿದರೆ ಒಂದು ಗುಟುಕಿನ ಎಸ್ಪ್ರೆಸೊ ಕೊಡುತ್ತಾರೆ. ಅದನ್ನು ನಮ್ಮ ಡಿಕಾಕ್ಷನ್ ಎಂದುಕೊಳ್ಳಿ, ಹಾಲು ಬೇಕಾದರೆ ಕಾಪುಚಿನೊ ಎನ್ನಿ. ಪೊಲಿನ್ಯಾನೊದ ವಿಶೇಷ ಕಾಫೆ ಸ್ಪೆಚಾಲೆ: ಕಾಫಿ, ಸಕ್ಕರೆ, ನಿಂಬೆಯ ಸಿಪ್ಪೆ, ಕೆನೆ, ಜೊತೆಗೆ ಅಮರೆತ್ತೊ ಎಂಬ ಸಿಹಿಮದ್ಯ. ಕಾಫಿಗೆ ನಿಂಬೆಯೇ ಎಂದು ಮೂಗು ಮುರಿದಿದ್ದೆ. ಅಮರೆತ್ತೊ ಬಿಟ್ಟು ಮಾಡಿಸಿಕೊಂಡು ಕುಡಿದೆ, ಮರುದಿನ ಮತ್ತೆ ಹೋದೆ.

ಮೈಸೂರು ಪಾಕ್, ಚಟ್ನಿಪುಡಿ ತೆಗೆದುಕೊಂಡು ಹೋಗಬಹುದೇ?

ಹೊರದೇಶಗಳಿಂದ ಮಾಂಸ ಮತ್ತು ಹಾಲಿನ ಪದಾರ್ಥಗಳನ್ನು ಪ್ರಯಾಣಿಕರು ತರುವುದನ್ನು ಐರೋಪ್ಯ ಒಕ್ಕೂಟ ನಿಷೇಧಿಸಿದೆ. ಆದ್ದರಿಂದ ತುಪ್ಪದ ಡಬ್ಬಿ, ಪೇಡ ಬೇಡ. ಚಟ್ನಿಪುಡಿಗೆ ನಮ್ಮನ್ನು ಯಾರೂ ತಡೆಯಲಿಲ್ಲ. ಹಣ್ಣುಗಳಿಗೂ ಕಟ್ಟುಪಾಡಿದೆ, ಆದರೆ ಬಾಳೆಹಣ್ಣು ಆ ಪಟ್ಟಿಯಿಂದ ಹೊರಗಿದೆ. ಹಾಗಾಗಿ ಕಾನೂನಿನ ಪ್ರಕಾರ ನಂಜನಗೂಡು ರಸಬಾಳೆ ಇಟಲಿಗೆ ಹೋಗಬಹುದು. ದೇವರಾಜ ಮಾರುಕಟ್ಟೆಯಿಂದ ಕುವೆಂಪುನಗರಕ್ಕೆ ಬರುವಷ್ಟರಲ್ಲೇ ಜಜ್ಜಿಹೋಗುವ ಹಣ್ಣು ಅಲ್ಲಿಯವರೆಗೆ ಉಳಿದರೆ!

## ಸ್ವಲ್ಪ ಆಳಕ್ಕಿಳಿದು

ಈ ಗುಹೆಗಳು ಹೇಗಾದವು? ನಮ್ಮ ಚಾಮುಂಡಿ ಬೆಟ್ಟದಲ್ಲಿ ಏಕೆ ಇಂಥವಿಲ್ಲ?

ಪಾಂಡವಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ ನನ್ನ ದೊಡ್ಡಣ್ಣ ಕೇಳಿದ ಪ್ರಶ್ನೆ ಇದು. ಪೊಲಿನ್ಯಾನೊದ ಬಂಡೆಯಲ್ಲಿ ಎರಡು ಪದರ. ಕೆಳಗಿನದು ಡೈನೋಸಾರ್‌ಗಳ ಕಾಲದ ಗಟ್ಟಿ ಸುಣ್ಣಕಲ್ಲು. ಮೇಲಿನದು ಅದಕ್ಕಿಂತ ಬಹಳ ಈಚೆಗೆ, ಸಮುದ್ರದ ಚಿಪ್ಪು ಮತ್ತು ಸುಣ್ಣದ ಮರಳು ಸೇರಿ ಗಡುಸಾದ ಮೃದುಕಲ್ಲು. ಇದನ್ನು ಅಲ್ಲಿ ತೂಫೊ ಎನ್ನುತ್ತಾರೆ, ಗರಗಸದಲ್ಲಿ ಕೊಯ್ದು ಮನೆ ಕಟ್ಟುತ್ತಾರೆ. ಸುಣ್ಣಕಲ್ಲಿಗೆ ಒಂದು ದೌರ್ಬಲ್ಯವಿದೆ. ಗಾಳಿಯ ಮತ್ತು ಮಣ್ಣಿನ ಇಂಗಾಲದ ಡೈಆಕ್ಸೈಡ್ ಬೆರೆತ ಮಳೆನೀರು ತುಸು ಹುಳಿಯಾಗಿರುತ್ತದೆ, ಆ ಹುಳಿಗೆ ಸುಣ್ಣಕಲ್ಲು ಕರಗುತ್ತದೆ. ಬಿರುಕುಗಳಲ್ಲಿ ಇಳಿದ ನೀರು ಒಳಗಿನಿಂದ ಕರಗಿಸುತ್ತದೆ, ಹೊರಗಿನಿಂದ ಅಲೆ ಹೊಡೆಯುತ್ತದೆ. ಎರಡೂ ಸೇರುವಲ್ಲಿ ಗುಹೆ. ಇದೇ ಕರಗುವಿಕೆ ಒಳನಾಡಿನಲ್ಲಿ ನಡೆದದ್ದಕ್ಕೆ ಸಾಕ್ಷಿ ಬೇಕಾದರೆ ಹತ್ತಿರದ ಕಸ್ತೆಲ್ಲಾನಾ ಗುಹೆಗಳಿಗೆ ಹೋಗಿ. 1938ರಲ್ಲಿ ಪತ್ತೆಯಾದ ಅವು ಸುಮಾರು ಮೂರು ಕಿಲೋಮೀಟರ್ ಉದ್ದ ಹಬ್ಬಿವೆ.

ಚಾಮುಂಡಿ ಬೆಟ್ಟದ್ದು ಸುಮಾರು 80 ಕೋಟಿ ವರ್ಷ ಹಳೆಯ ಗ್ರಾನೈಟ್. ಅದು ಮಳೆನೀರಿಗೆ ಹೀಗೆ ಕರಗುವುದಿಲ್ಲ. ಬಿರಿಯುತ್ತದೆ, ಸಿಪ್ಪೆ ಸುಲಿಯುತ್ತದೆ, ಗುಂಡುಗಳಾಗಿ ಉರುಳುತ್ತದೆ. ಕುಂತಿಬೆಟ್ಟದಲ್ಲಿ ನಾವು ಚಿಕ್ಕವರಿದ್ದಾಗ ಗುಹೆ ಎಂದು ನುಸುಳುತ್ತಿದ್ದದ್ದು ಗುಂಡುಗಳ ನಡುವಿನ ಸಂದುಗಳಲ್ಲಿ.

ಫೋಟೋದಲ್ಲಿ ನೀರು ಅಷ್ಟು ನೀಲಿ. ಮೊಬೈಲಿನ ಕೈವಾಡವೇ?

ಸ್ವಲ್ಪ ಇರಬಹುದು, ಆದರೆ ಬಣ್ಣ ನಿಜ. ನೀರು ಬೆಳಕಿನ ಕೆಂಪು ಭಾಗವನ್ನು ಹೀರಿಕೊಳ್ಳುತ್ತದೆ. ತಳ ಬಿಳಿ ಸುಣ್ಣಕಲ್ಲಿನದಾದ್ದರಿಂದ ಉಳಿದ ನೀಲಿಯನ್ನು ಹಿಂದಕ್ಕೆ ಕಳಿಸುತ್ತದೆ. ಗುಹೆಯೊಳಗೆ ಬೆಳಕು ನೀರಿನಡಿಯಿಂದಲೂ ಬರುವುದರಿಂದ ನೀರೇ ದೀಪದಂತೆ ಕಾಣುತ್ತದೆ. ಊರು ಪೂರ್ವ ಸಮುದ್ರಕ್ಕೆ ಮುಖ ಮಾಡಿರುವುದರಿಂದ ಬೆಳಗಿನ ಬಿಸಿಲು ಗುಹೆಗಳ ಬಾಯಿಗೆ ನೇರವಾಗಿ ಬೀಳುತ್ತದೆ. ಸಂಜೆಯ ಯಾನವನ್ನು ಹೆಚ್ಚು ಬೆಲೆಗೆ ಮಾರುತ್ತಾರೆ, ಬಣ್ಣಕ್ಕಾಗಿ ಹೋಗುವವರು ಬೆಳಿಗ್ಗೆಯೇ ಹೋಗಿ.

ಗುಹೆಯೊಳಗೇ ಹೋಟೆಲ್ ಇದೆಯಂತೆ?

ಗ್ರೋತ್ತಾ ಪಲಾತ್ಸೆಸೆ. 18ನೇ ಶತಮಾನದಲ್ಲೇ ಗಣ್ಯರ ಔತಣಗಳು ನಡೆಯುತ್ತಿದ್ದ ಗುಹೆ, ಈಗ ದುಬಾರಿ ಹೋಟೆಲ್. ನಾವು ಕೆಳಗೆ ದೋಣಿಯಿಂದ ಮೇಲೆ ಮೇಜಿಗೆ ಕೂತವರನ್ನು ನೋಡಿದೆವು, ಅವರು ನಮ್ಮನ್ನು ನೋಡಿದರು. ನಮ್ಮ ಕೈಯಲ್ಲೂ ತಿಂಡಿಯಿತ್ತು.

ದೋಣಿ ಆರಿಸುವಾಗ ಏನು ನೋಡಬೇಕು? ಗಾಳಿಯೆದ್ದರೆ ಹಣ ವಾಪಸು ಬರುತ್ತದೆಯೇ?

ವಾಯವ್ಯದಿಂದ ಮಾಯೆಸ್ತ್ರಾಲೆ ಎಂಬ ಗಾಳಿ ಬೀಸಿದರೆ ಈ ದಂಡೆಯಲ್ಲಿ ಅಲೆ ಏಳುತ್ತದೆ, ಆಕಾಶ ಎಷ್ಟೇ ತಿಳಿಯಾಗಿದ್ದರೂ ದೋಣಿ ಬಿಡುವುದಿಲ್ಲ. ಮೊದಲ ಸಲ ನಮ್ಮ ಒಂದು ಬುಕಿಂಗ್ ಹೀಗೆಯೇ ರದ್ದಾಯಿತು. ಮಧ್ಯವರ್ತಿಯೊಬ್ಬನ ಮೂಲಕ ಮಾಡಿದ್ದರಿಂದ ಹಣ ಬರಲು ಮೂರು ವಾರ ಹಿಡಿಯಿತು, ಎಂಟು ಮಿಂಚಂಚೆ ಬರೆಯಬೇಕಾಯಿತು. ಎರಡನೆಯ ಸಲ ದೋಣಿಯವರ ಜೊತೆಗೇ ನೇರವಾಗಿ ಮಾತನಾಡಿ ಬುಕ್ ಮಾಡಿದೆವು. ಕೇಳಬೇಕಾದದ್ದು ಇಷ್ಟು: ಎಷ್ಟು ಜನ ಕೂರಿಸುತ್ತೀರಿ, ಗುಹೆಯೊಳಗೆ ಹೋಗುತ್ತೀರೋ ಬಾಯಿಯಿಂದಲೇ ತೋರಿಸುತ್ತೀರೋ, ಗಾಳಿಯೆದ್ದರೆ ಹಣವೋ ಇನ್ನೊಂದು ದಿನವೋ. ದೊಡ್ಡ ದೋಣಿಗಳು ಒಳಗೆ ನುಗ್ಗಲಾರವು, ಇದನ್ನು ಅವರು ತಾವಾಗಿ ಹೇಳುವುದಿಲ್ಲ. ಊರಿಗೆ ತಲುಪಿದ ಮೊದಲ ದಿನಕ್ಕೇ ಬುಕ್ ಮಾಡಿ, ರದ್ದಾದರೆ ಮರುದಿನ ಉಳಿದಿರುತ್ತದೆ.

ಇಷ್ಟೆಲ್ಲ ಖರ್ಚು ಮಾಡುವ ಬದಲು ನಮ್ಮ ಕರಾವಳಿಯಲ್ಲೇ ಏನೂ ಇಲ್ಲವೇ?

ಇಂಥದೇ ಸುಣ್ಣಕಲ್ಲಿನ ಗುಹೆಗಳ ಸಾಲು ಇಲ್ಲ. ಆದರೆ ದೋಣಿ, ವಿಚಿತ್ರ ಬಂಡೆ, ಒಳ್ಳೆಯ ತಿಂಡಿ ಈ ಮೂರೂ ಬೇಕಾದರೆ ಮಲ್ಪೆಗೆ ಹೋಗಿ. ಮೈಸೂರಿನ ಮೇಲೆ ಹಾದು ಹೋಗುವ ಮುರುಡೇಶ್ವರದ ರೈಲಿನಲ್ಲಿ ಉಡುಪಿಗೆ ಇಳಿಯಬಹುದು. ಮಲ್ಪೆಯಿಂದ ದೋಣಿಯಲ್ಲಿ ಅರ್ಧ ಗಂಟೆಯೊಳಗೆ ಸೇಂಟ್ ಮೇರೀಸ್ ದ್ವೀಪ. ಅಲ್ಲಿನ ಕಲ್ಲುಗಳು ಪಂಚಭುಜ, ಷಡ್ಭುಜ ಕಂಬಗಳನ್ನು ಜೋಡಿಸಿಟ್ಟಂತಿವೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ತಣಿಯುವಾಗ ಕುಗ್ಗಿ ಹಾಗೆ ಸೀಳಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿದೆ. ಮಳೆಗಾಲದಲ್ಲಿ ದೋಣಿ ಇರುವುದಿಲ್ಲ. ವಾಪಸು ಬಂದು ಉಡುಪಿಯಲ್ಲಿ ಗೋಳಿಬಜೆ, ಮೂಡೆ, ಪತ್ರೊಡೆ ತಿನ್ನಿ. ಮೀನು ತಿನ್ನುವವರಿಗೆ ಬಂಗುಡೆ ಪುಳಿಮುಂಚಿ. ಇಷ್ಟಕ್ಕೂ ವೀಸಾ ಬೇಡ. ನನ್ನನ್ನು ಕೇಳಿದರೆ ಮೊದಲು ಇದನ್ನು ನೋಡಿ ಆಮೇಲೆ ಅದನ್ನು ನೋಡಿ ಎನ್ನುತ್ತೇನೆ, ಕಲ್ಲುಗಳನ್ನು ನೋಡುವ ಕಣ್ಣು ಆಗಲೇ ಹದವಾಗಿರುತ್ತದೆ.

ತಾರಾಲ್ಲಿಯನ್ನು ಮನೆಯಲ್ಲಿ ಮಾಡಬಹುದೇ? ಅಳತೆ ಹೇಳಿ.

ಮಾಡಬಹುದು, ಸಣ್ಣ ಓವನ್ ಇದ್ದರೆ ಸಾಕು. ಕಾಲು ಕಿಲೋ ಮೈದಾ, ಅರವತ್ತು ಮಿಲಿಲೀಟರ್ ಆಲಿವ್ ಎಣ್ಣೆ, ಒಂದು ಚಮಚ ಉಪ್ಪು, ಒಂದು ಚಮಚ ಸೋಂಪು. ಅವರು ಸುಮಾರು ನೂರು ಮಿಲಿಲೀಟರ್ ವೈನ್ ಹಾಕುವಲ್ಲಿ ನಾನು ಅಷ್ಟೇ ನೀರಿಗೆ ಅರ್ಧ ನಿಂಬೆ ಹಿಂಡಿ ಹಾಕುತ್ತೇನೆ. ಹತ್ತು ನಿಮಿಷ ಚೆನ್ನಾಗಿ ನಾದಿ, ಅರ್ಧ ಗಂಟೆ ಒದ್ದೆಬಟ್ಟೆ ಮುಚ್ಚಿಡಿ. ಕಿರುಬೆರಳಿನ ಗಾತ್ರಕ್ಕೆ ಹೊಸೆದು ತುದಿ ಕೂಡಿಸಿ ಒತ್ತಿ, ಕೋಡುಬಳೆ ಹೊಸೆದ ಕೈಗೆ ಇದನ್ನು ಕಲಿಸಬೇಕಾಗಿಲ್ಲ. ಕುದಿಯುವ ನೀರಿಗೆ ಬಿಡಿ, ಮೇಲೆ ತೇಲಿದೊಡನೆ ಜಾಲರಿಯಿಂದ ತೆಗೆದು ಬಟ್ಟೆಯ ಮೇಲೆ ಹರವಿ. ತೇವ ಆರಿದ ಮೇಲೆ 200 ಡಿಗ್ರಿಯಲ್ಲಿ ಇಪ್ಪತ್ತೈದರಿಂದ ಮೂವತ್ತು ನಿಮಿಷ, ಹೊಂಬಣ್ಣ ಬರುವವರೆಗೆ. ನೀರಿನಿಂದ ತೆಗೆದೊಡನೆ ಓವನ್ನಿಗೆ ಹಾಕಿದರೆ ಗರಿಯಾಗುವುದಿಲ್ಲ, ನನ್ನ ಮೊದಲ ಒಬ್ಬೆ ಅದರಿಂದಲೇ ಕೆಟ್ಟಿತು.

ಎರಡನೆಯ ಒಬ್ಬೆಯನ್ನು ತಟ್ಟೆಯಲ್ಲಿಟ್ಟು ಎಂಬತ್ತಾರು ವರ್ಷದ ನಮ್ಮ ಅತ್ತೆಗೆ ಕೊಟ್ಟೆ. ಇಟಲಿಯದು ಎಂದು ಹೇಳಿರಲಿಲ್ಲ. ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡು, ಇನ್ನೊಂದನ್ನು ಕೈಗೆತ್ತಿಕೊಳ್ಳುತ್ತಾ ಕೇಳಿದರು, "ಗರಿಯಾಗಿದೆ ಕಣಮ್ಮ, ಖಾರ ಹಾಕುವುದನ್ನೇ ಮರೆತೆಯಾ?"